ಡೆಸ್ಪರಾಡೊದಿಂದ ಶುರು ಮಾಡಬೇಕಾ? ಕತೆ ಹೇಳುವ ನಾಲ್ಕು ಕಂಟ್ರಿ ರಾಕ್ ಆಲ್ಬಂಗಳಲ್ಲಿ ಯಾವುದು ನಿಮಗೆ ಸರಿ

ಅಮೆರಿಕದ ರಾಕ್ ಬ್ಯಾಂಡ್ ಈಗಲ್ಸ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ‘ಹೋಟೆಲ್ ಕ್ಯಾಲಿಫೋರ್ನಿಯಾ’. ಅದು ಬಿಟ್ಟರೆ ‘ಡೆಸ್ಪರಾಡೊ’ (ಯಾವುದಕ್ಕೂ ಹೆದರದ ದರೋಡೆಕೋರ ಅಂತ ಅರ್ಥ), ಬರೀ ಪಿಯಾನೋ ಜೊತೆ ಮೆಲ್ಲಗೆ ಶುರುವಾಗಿ ಆಮೇಲೆ ವಯಲಿನ್‌ಗಳೆಲ್ಲ ಬಂದು ಸೇರಿಕೊಳ್ಳುವ ಆ ಹಾಡು. ಆದರೆ ಅದೇ ಹೆಸರಿನ ಒಂದು ಪೂರ್ತಿ ಆಲ್ಬಂ ಇದೆ. 1973ರದ್ದು. ಆ ಹಾಡು ಅದರಲ್ಲಿ ಐದನೆಯದು. ಇಡೀ ಆಲ್ಬಂ ಬ್ಯಾಂಕ್ ದೋಚುತ್ತಿದ್ದ ಒಂದು ನಿಜವಾದ ಗ್ಯಾಂಗಿನ ಸುತ್ತ ಕಟ್ಟಿದ್ದು. ಹಾಡು ಬಾಯಿಪಾಠ ಇರುವ ಎಷ್ಟೋ ಜನರಿಗೆ ಇದು ಗೊತ್ತಿಲ್ಲ, ಅದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ಒಂದೇ ಕತೆ ಅಥವಾ ಒಂದೇ ವಿಚಾರದ ಸುತ್ತ ಎಲ್ಲ ಹಾಡುಗಳನ್ನೂ ಹೆಣೆದ ಆಲ್ಬಂಗೆ ಕಾನ್ಸೆಪ್ಟ್ ಆಲ್ಬಂ ಅಂತಾರೆ. ಎಪ್ಪತ್ತರ ದಶಕದಲ್ಲಿ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಸಂಗೀತ) ಮತ್ತು ರಾಕ್ ಸೇರುವ ಜಾಗದಲ್ಲಿ ಇಂಥವು ಹಲವು ಬಂದವು. ಅದರಲ್ಲಿ ನಾಲ್ಕನ್ನು ಇಲ್ಲಿ ಪಕ್ಕಪಕ್ಕ ಇಡುತ್ತಿದ್ದೇನೆ: ಈಗಲ್ಸ್‌ನ ‘ಡೆಸ್ಪರಾಡೊ’, ವಿಲ್ಲಿ ನೆಲ್ಸನ್‌ನ ‘ರೆಡ್ ಹೆಡೆಡ್ ಸ್ಟ್ರೇಂಜರ್’, ಪಾಲ್ ಕೆನರ್ಲಿ ಬರೆದ ‘ವೈಟ್ ಮ್ಯಾನ್ಶನ್ಸ್’ ಮತ್ತು ‘ದಿ ಲೆಜೆಂಡ್ ಆಫ್ ಜೆಸ್ಸಿ ಜೇಮ್ಸ್’. ಈ ನಾಲ್ಕರಲ್ಲಿ ಮೂರಕ್ಕೆ ಪ್ರೊಡ್ಯೂಸರ್ ಒಬ್ಬರೇ, ಇಂಗ್ಲೆಂಡಿನ ಗ್ಲಿನ್ ಜಾನ್ಸ್. ಹಾಗಾಗಿ ಇವನ್ನು ಹೋಲಿಸುವುದರಲ್ಲಿ ಅರ್ಥವಿದೆ.

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ನೀವು ಈಗಾಗಲೇ ರಾಕ್ ಕೇಳುವವರಾದರೆ ಡೆಸ್ಪರಾಡೊ. ಕತೆಯೇ ಬೇಕು, ಒಬ್ಬ ಮನುಷ್ಯನ ಹಿಂದೆ ಕೊನೆಯವರೆಗೆ ಹೋಗಬೇಕು ಅನ್ನುವವರಾದರೆ ರೆಡ್ ಹೆಡೆಡ್ ಸ್ಟ್ರೇಂಜರ್. ನಾಟಕದ ಹಾಗೆ ಬೇರೆಬೇರೆ ಪಾತ್ರ, ಬೇರೆಬೇರೆ ದನಿ ಬೇಕಾದರೆ ಜೆಸ್ಸಿ ಜೇಮ್ಸ್. ವೈಟ್ ಮ್ಯಾನ್ಶನ್ಸ್ ಕೊನೆಗೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಡೆಸ್ಪರಾಡೊ, 1973

ಮೊದಲು ಆ ಗ್ಯಾಂಗಿನ ವಿಷಯ, ಯಾಕೆಂದರೆ ಅದು ಗೊತ್ತಿಲ್ಲದೆ ಕೇಳಿದರೆ ಅರ್ಧ ತಪ್ಪಿಹೋಗುತ್ತದೆ. 1892ರ ಅಕ್ಟೋಬರ್ 5. ಕ್ಯಾನ್ಸಸ್ ರಾಜ್ಯದ ಕಾಫಿವಿಲ್ ಅನ್ನುವ ಊರು. ಡಾಲ್ಟನ್ ಅಣ್ಣತಮ್ಮಂದಿರಾದ ಬಾಬ್, ಗ್ರ್ಯಾಟ್, ಎಮೆಟ್, ಜೊತೆಗೆ ಇಬ್ಬರು ಗೆಳೆಯರು, ಒಟ್ಟು ಐದು ಜನ ಒಂದೇ ಹೊತ್ತಿಗೆ ಎರಡು ಬ್ಯಾಂಕ್ ದೋಚಲು ಬಂದರು. ಯಾರೂ ಮಾಡದೇ ಇದ್ದದ್ದನ್ನು ಮಾಡಿ ಹೆಸರು ಮಾಡಬೇಕು ಅನ್ನುವ ಆಸೆ. ಆದರೆ ಅದು ಅವರು ಓಡಾಡಿದ್ದ ಊರು. ಅಂಟಿಸಿಕೊಂಡ ಗಡ್ಡದ ಹಿಂದಿನ ಮುಖವನ್ನು ಜನ ಗುರುತು ಹಿಡಿದರು. ಒಂದು ಬ್ಯಾಂಕಿನಲ್ಲಿ ತಿಜೋರಿಗೆ ಟೈಮ್ ಲಾಕ್ ಇದೆ, ಈಗಲೇ ತೆರೆಯಲ್ಲ ಅಂತ ಒಬ್ಬ ಉದ್ಯೋಗಿ ಸುಳ್ಳು ಹೇಳಿ ಅವರನ್ನು ಕಾಯಿಸಿದ. ಅಷ್ಟರಲ್ಲಿ ಹೊರಗೆ ಊರವರು ಬಂದೂಕು ಹಿಡಿದು ನಿಂತಿದ್ದರು. ಗ್ಯಾಂಗಿನ ನಾಲ್ವರು ಸತ್ತರು, ಊರಿನವರೂ ನಾಲ್ವರು ಸತ್ತರು. ಉಳಿದವನು ಎಮೆಟ್ ಒಬ್ಬನೇ, ಮೈತುಂಬ ಗುಂಡಿನ ಗಾಯ. ಜೀವಾವಧಿ ಶಿಕ್ಷೆಯಾಗಿ, 14 ವರ್ಷ ಕಳೆದ ಮೇಲೆ ಕ್ಷಮೆ ಸಿಕ್ಕಿ, ಕ್ಯಾಲಿಫೋರ್ನಿಯಾಕ್ಕೆ ಹೋಗಿ ಸಿನಿಮಾದಲ್ಲೂ ನಟಿಸಿ 1937ರಲ್ಲಿ ತೀರಿಕೊಂಡ.

ಬಿಲ್ ಡೂಲಿನ್ ಅವರ ಜೊತೆಗಾರ. ಆ ದಿನ ಕಾಫಿವಿಲ್‌ನಲ್ಲಿ ಇರಲಿಲ್ಲ. ಆಮೇಲೆ ತಾನೇ ಒಂದು ಗ್ಯಾಂಗ್ ಕಟ್ಟಿ 1896ರಲ್ಲಿ ಗುಂಡೇಟಿಗೆ ಸತ್ತ. ಆಲ್ಬಂನ ಮೊದಲ ಹಾಡಿನ ಹೆಸರು ‘ಡೂಲಿನ್-ಡಾಲ್ಟನ್’. ‘ಬಿಟರ್ ಕ್ರೀಕ್’ ಅನ್ನುವ ಇನ್ನೊಂದು ಹಾಡಿದೆ, ಅದು ಇದೇ ಗ್ಯಾಂಗಿನ ಜಾರ್ಜ್ ನ್ಯೂಕೂಂಬ್‌ನ ಅಡ್ಡಹೆಸರು.

ಈಗ ಬ್ಯಾಂಡಿನ ಕಡೆ ಬನ್ನಿ. 1971ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕೂಡಿದ ನಾಲ್ವರು. ಡಾನ್ ಹೆನ್ಲಿ, ಗ್ಲೆನ್ ಫ್ರೈ, ಬರ್ನಿ ಲೆಡನ್, ರ‍್ಯಾಂಡಿ ಮೈಸ್ನರ್. ಮೊದಲ ಆಲ್ಬಂ 1972ರಲ್ಲಿ ಬಂದು ಹಿಟ್ ಆಗಿತ್ತು. ಎರಡನೆಯದಕ್ಕೆ ಯಾರೇ ಆದರೂ ಅಂಥದ್ದೇ ಇನ್ನೊಂದು ಮಾಡುತ್ತಿದ್ದರು. ಇವರು ಗೆಳೆಯರಾದ ಜಾಕ್ಸನ್ ಬ್ರೌನ್, ಜೆ. ಡಿ. ಸೌದರ್ ಜೊತೆ ಕೂತು ಹಳೆ ಗನ್‌ಫೈಟರ್‌ಗಳ ಬಗ್ಗೆ ಮಾತಾಡಿಕೊಳ್ಳುತ್ತಾ, ಒಂದು ವಿಚಾರ ಹಿಡಿದರು: ಊರು ಬಿಟ್ಟು ಊರಿಗೆ ಹೋಗುವುದು, ಬೇಗ ದುಡ್ಡು, ಬೇಗ ಹೆಸರು, ಎಲ್ಲೂ ನಿಲ್ಲಲಾಗದಿರುವುದು, ಇದು ಆ ದರೋಡೆಕೋರರ ಬದುಕೂ ಹೌದು, ನಮ್ಮದೂ ಹೌದು ಅಲ್ವಾ? ಇಪ್ಪತ್ತೈದರ ಆಸುಪಾಸಿನ ಹುಡುಗರು. ಆ ವಯಸ್ಸಿಗೆ ಹೊಳೆಯುವ ವಿಚಾರವೇ. ಆದರೆ ಅದನ್ನು ಹಾಡಿಗೆ ಇಳಿಸಿದ ರೀತಿ ದೊಡ್ಡದು.

ಎಲ್ಲಿ ದೊಡ್ಡದು ಅಂತ ಒಂದೇ ಹಾಡಲ್ಲಿ ತೋರಿಸುತ್ತೇನೆ. ‘ಸರ್ಟನ್ ಕೈಂಡ್ ಆಫ್ ಫೂಲ್’, ಆರನೆಯದು. ಮೈಸ್ನರ್ ಹಾಡಿದ್ದು. ಒಬ್ಬ ಹುಡುಗ ಅಂಗಡಿಯ ಕಿಟಕಿಯಲ್ಲಿ ‘ಅದನ್ನು’ ನೋಡುತ್ತಾನೆ. ಕೈಗೆ ತಗೊಂಡರೆ ನುಣ್ಣಗೆ, ಹೊಳೆಯುವಂತೆ ಇದೆ. ಊರಾಚೆ ಹೋಗಿ ದಿನಗಟ್ಟಲೆ ಅಭ್ಯಾಸ ಮಾಡುತ್ತಾನೆ. ಒಂದು ದಿನ ತಾನೂ ಪಳಗಿದವರ ಸಾಲಿಗೆ ನಿಲ್ಲಬಲ್ಲೆ ಅನ್ನಿಸುತ್ತದೆ. ಏನದು? ಬಂದೂಕಾ, ಗಿಟಾರಾ? ಹಾಡು ಅದರ ಹೆಸರನ್ನು ಹೇಳುವುದೇ ಇಲ್ಲ! ಹಾಡಿನುದ್ದಕ್ಕೂ ಎರಡೂ ಅರ್ಥ ಕೂಡುತ್ತಾ ಹೋಗುತ್ತವೆ. ಕೊನೆಗೆ ಅಂಗಡಿ ಮುಂದೆ ಅಂಟಿಸಿದ ಪೋಸ್ಟರ್‌ನಲ್ಲಿ ಪೊಲೀಸರು ಹುಡುಕುತ್ತಿರುವ ಮನುಷ್ಯನ ಚಿತ್ರ ಕಾಣುತ್ತದೆ, ಮತ್ತು ಸಂಗೀತಗಾರನ ಮುಖ ಕೂಡ ಪೋಸ್ಟರ್‌ನಲ್ಲೇ ಬರುವುದಲ್ವಾ. ದುಡ್ಡಿಗಾಗಿ ಶುರು ಮಾಡಿದ್ದಲ್ಲ, ಆದರೆ ಈಗ ದಿನಾ ಓಡುವುದೇ ಆಗಿದೆ ಅನ್ನುವ ಮಾತು ಇಬ್ಬರಿಗೂ ಕೂತುಬಿಡುತ್ತದೆ. ಮೂರು ನಿಮಿಷದ ಹಾಡು. ಇಡೀ ಆಲ್ಬಂನ ಜೀವ ಇಲ್ಲಿದೆ ಅನ್ನುವುದು ನನ್ನ ಅಭಿಪ್ರಾಯ, ಟೈಟಲ್ ಹಾಡಿನಲ್ಲಲ್ಲ.

ಟೈಟಲ್ ಹಾಡಿನ ಜಾಗ ನೋಡಿ. ಎಲ್‌ಪಿಯಲ್ಲಿ (ಎರಡು ಬದಿಯ ಗ್ರಾಮಫೋನ್ ತಟ್ಟೆ) ಮೊದಲ ಬದಿಯ ಕೊನೆಯ ಹಾಡು ಅದು. ಅದಕ್ಕೆ ಮುಂಚೆ ಡೂಲಿನ್-ಡಾಲ್ಟನ್‌ನಲ್ಲಿ ಮೌತ್ ಆರ್ಗನ್ ಜೊತೆ ಗ್ಯಾಂಗ್ ಹೊರಟಿರುತ್ತದೆ. ‘ಟ್ವೆಂಟಿ-ಒನ್’ನಲ್ಲಿ ಲೆಡನ್ ಬ್ಯಾಂಜೋ ಓಡಿಸುತ್ತಾ 21ರ ಹುಡುಗನ ಭಂಡಧೈರ್ಯ ಹಾಡುತ್ತಾರೆ. ಕಾಫಿವಿಲ್‌ನ ಆ ದಿನ ಎಮೆಟ್ ಡಾಲ್ಟನ್‌ಗೂ ಅಷ್ಟೇ ವಯಸ್ಸು. ‘ಔಟ್ ಆಫ್ ಕಂಟ್ರೋಲ್’ನಲ್ಲಿ ಕುಡಿತ, ಗಲಾಟೆ. ‘ಟೆಕೀಲಾ ಸನ್‌ರೈಸ್’ನಲ್ಲಿ ಬೆಳಗಾಗಿದೆ, ಅಮಲು ಇಳಿದಿದೆ. ಆಮೇಲೆ ಹೆನ್ಲಿಯ ದನಿ, ಪಿಯಾನೋ: ಸಾಕು ಮಾರಾಯ, ಬೇಲಿ ಮೇಲಿಂದ ಇಳಿದು ಬಾ, ಬಾಗಿಲು ತೆರೆ ಅಂತ ಒಬ್ಬ ಗೆಳೆಯ ಬೇಡಿಕೊಳ್ಳುತ್ತಿದ್ದಾನೆ. ಡೈಮಂಡ್ ರಾಣಿಯನ್ನು ಎಳೆದುಕೊಳ್ಳಬೇಡ, ಆಟೀನ್ ರಾಣಿಯ ಮೇಲೆ ನಂಬಿಕೆ ಇಡು ಅನ್ನುವ ಇಸ್ಪೀಟಿನ ಮಾತು ಬರುವುದೂ ಹೆಂಡದಂಗಡಿಯಲ್ಲಿ ಕೂತು ಇಸ್ಪೀಟ್ ಆಡುವ ಈ ಗ್ಯಾಂಗಿನವನಿಗೇ ಹೇಳುತ್ತಿರುವುದರಿಂದ. ಒಂಟಿಯಾಗಿ ಈ ಹಾಡು ಕೇಳಿದರೆ ಪ್ರೀತಿಗೆ ಹೆದರುವ ಯಾವನೋ ಒಬ್ಬನಿಗೆ ಬುದ್ಧಿಮಾತು ಅಷ್ಟೇ. ಇಲ್ಲಿ ಕೇಳಿದರೆ ಸಾಯಲು ಹೊರಟವನನ್ನು ತಡೆಯುವ ಪ್ರಯತ್ನ.

ಅವನು ಕೇಳಲ್ಲ. ಎಲ್‌ಪಿ ತಿರುವಿ ಹಾಕಿದರೆ ಮೊದಲು ಬರುವುದೇ ಅಂಗಡಿ ಕಿಟಕಿಯ ಆ ಹುಡುಗ. ಅಂದರೆ ಒಬ್ಬನಿಗೆ ಬೇಡ ಅಂದು ಮುಗಿಯುವ ಹೊತ್ತಿಗೆ ಇನ್ನೊಬ್ಬ ಶುರು ಮಾಡಿರುತ್ತಾನೆ. ನಡುವೆ ಒಂದು ನಿಮಿಷಕ್ಕೂ ಕಡಿಮೆಯ ಬ್ಯಾಂಜೋ ತುಣುಕು, ‘ಔಟ್‌ಲಾ ಮ್ಯಾನ್’ (ಬ್ಯಾಂಡಿನವರು ಬರೆಯದ ಹಾಡು ಇದೊಂದೇ, ಡೇವಿಡ್ ಬ್ಲೂ ಅವರದ್ದು), ಹಳೆಯ ಶನಿವಾರದ ರಾತ್ರಿಗಳನ್ನು ನೆನೆಯುವ ‘ಸ್ಯಾಟರ್ಡೇ ನೈಟ್’, ಬಿಟರ್ ಕ್ರೀಕ್. ಕೊನೆಯ ಹಾಡಿನಲ್ಲಿ ಡೂಲಿನ್-ಡಾಲ್ಟನ್ ಮತ್ತು ಡೆಸ್ಪರಾಡೊ ಎರಡೂ ರಾಗ ಒಂದಾಗಿ ವಾಪಸ್ ಬರುತ್ತವೆ, ಈ ಸಲ ಬುದ್ಧಿ ಹೇಳಲು ಯಾರೂ ಉಳಿದಿಲ್ಲ. ಅಲ್ಲಿಯವರೆಗೆ ಒಟ್ಟು 36 ನಿಮಿಷದ ಹತ್ತಿರ.

ಮುಖಪುಟವನ್ನೂ ನೋಡಿ. ಹೆನ್ರಿ ಡಿಲ್ಟ್ಸ್ ತೆಗೆದ ಫೋಟೊ, ವಿನ್ಯಾಸ ಗ್ಯಾರಿ ಬರ್ಡನ್. ಮಲಿಬು ಹತ್ತಿರದ ಪ್ಯಾರಾಮೌಂಟ್ ರ‍್ಯಾಂಚ್ ಅನ್ನುವ ಸಿನಿಮಾ ಸೆಟ್ಟಿನಲ್ಲಿ ತೆಗೆದದ್ದು, ಆ ಸೆಟ್ಟಿನ ಬಹುಭಾಗ 2018ರ ಕಾಡ್ಗಿಚ್ಚಿನಲ್ಲಿ ಸುಟ್ಟುಹೋಯಿತು. ಹಿಂಬದಿಯ ಫೋಟೊ ಮುಖ್ಯ. ಕಾಫಿವಿಲ್‌ನಲ್ಲಿ ಸತ್ತ ನಾಲ್ವರನ್ನು ಸಾಲಾಗಿ ಮಲಗಿಸಿ ತೆಗೆದ ಒಂದು ನಿಜ ಫೋಟೊ ಇದೆ. ಅದರ ಹಾಗೆಯೇ ಬ್ಯಾಂಡಿನ ನಾಲ್ವರೂ ಬ್ರೌನ್ ಮತ್ತು ಸೌದರ್ ಕೂಡ ನೆಲದ ಮೇಲೆ ಹೆಣವಾಗಿ ಬಿದ್ದಿದ್ದಾರೆ. ಅವರನ್ನು ಹೊಡೆದುರುಳಿಸಿ ಹಿಂದೆ ನಿಂತ ಗುಂಪಿನಲ್ಲಿ ಪ್ರೊಡ್ಯೂಸರ್ ಗ್ಲಿನ್ ಜಾನ್ಸ್ ಇದ್ದಾರೆ, ಮ್ಯಾನೇಜರ್ ಇದ್ದಾರೆ. ಸಂಗೀತದ ವ್ಯಾಪಾರ ನಡೆಸುವವರು ನಿಂತಿದ್ದಾರೆ, ಹಾಡುವವರು ಸತ್ತಿದ್ದಾರೆ. ಇದಕ್ಕಿಂತ ಬಿಡಿಸಿ ಹೇಳುವುದೇನೂ ಬೇಕಾಗಿಲ್ಲ.

ಕೊರತೆಗಳೂ ಇವೆ, ಮುಚ್ಚಿಡಲ್ಲ. ಕತೆ ಅಂತ ನೋಡಿದರೆ ಇದು ಸಡಿಲ. ಕಾಫಿವಿಲ್‌ನ ಗುಂಡಿನ ಕಾಳಗ ಹಾಡುಗಳಲ್ಲಿ ನೇರವಾಗಿ ಬರುವುದೇ ಇಲ್ಲ. ಯಾರು ಯಾವಾಗ ಸತ್ತರು ಅಂತ ಆಲ್ಬಂ ಕೇಳಿ ತಿಳಿಯಲ್ಲ. ಟೆಕೀಲಾ ಸನ್‌ರೈಸ್ ಎಪ್ಪತ್ತರ ದಶಕದ ಯಾವ ಬಾರಿನಲ್ಲಾದರೂ ನಡೆಯಬಹುದಾದ ಹಾಡು, ಅದನ್ನು ಗ್ಯಾಂಗಿನ ಕತೆಗೆ ಸೇರಿಸಿಕೊಳ್ಳುವ ಕೆಲಸ ಕೇಳುವವರದ್ದು. ಲಂಡನ್ನಿನ ಐಲ್ಯಾಂಡ್ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದ್ದು, ತಂತಿವಾದ್ಯ ನುಡಿಸಿದವರು ಲಂಡನ್ ಸಿಂಫನಿ ಆರ್ಕೆಸ್ಟ್ರಾದವರು. ಅವರ ಮುಂದೆ ಹಾಡುವಾಗ ಅಳುಕಾಯಿತು, ಆ ಹಾಡನ್ನು ಇನ್ನೊಮ್ಮೆ ಹಾಡುವ ಅವಕಾಶ ಸಿಗಬೇಕಿತ್ತು ಅಂತ ಹೆನ್ಲಿಯೇ ಆಮೇಲೆ ಹೇಳಿಕೊಂಡಿದ್ದಾರೆ. ನನಗಂತೂ ಆ ಅಳುಕೇ ಆ ಹಾಡಿಗೆ ಒಪ್ಪಿದೆ ಅನ್ನಿಸುತ್ತದೆ.

ಬಂದಾಗ ಆಲ್ಬಂ ಹೆಚ್ಚೇನೂ ಓಡಲಿಲ್ಲ. ಬಿಲ್‌ಬೋರ್ಡ್ ಪಟ್ಟಿಯಲ್ಲಿ 41ನೇ ಸ್ಥಾನದವರೆಗೆ ಏರಿತು ಅಷ್ಟೇ. ಎರಡು ಸಿಂಗಲ್ (ಬಿಡಿಯಾಗಿ ಬಿಡುಗಡೆ ಮಾಡುವ ಹಾಡು) ಬಂದವು, ಎರಡೂ 50ರ ಒಳಗೆ ಬರಲಿಲ್ಲ. ಟೈಟಲ್ ಹಾಡು ಸಿಂಗಲ್ ಆಗಿ ಬರಲೇ ಇಲ್ಲ. ಅದೇ ವರ್ಷ ಗಾಯಕಿ ಲಿಂಡಾ ರಾನ್‌ಸ್ಟಾಟ್ ಅದನ್ನು ಹಾಡಿದ ಮೇಲೆ ಜನ ಕಿವಿಗೊಟ್ಟರು. 1976ರಲ್ಲಿ ಈಗಲ್ಸ್‌ನ ಆಯ್ದ ಹಾಡುಗಳ ಸಂಕಲನ ಬಂತು, ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂಗಳಲ್ಲಿ ಅದೂ ಒಂದು. ಡೆಸ್ಪರಾಡೊ, ಟೆಕೀಲಾ ಸನ್‌ರೈಸ್ ಎರಡೂ ಅದರಲ್ಲಿವೆ. ಅಲ್ಲಿಂದ ಆ ಹಾಡುಗಳು ಮನೆಮನೆಗೆ ಹೋದವು, ಆಲ್ಬಂ ಹಿಂದೆ ಉಳಿಯಿತು. ನಾವೆಲ್ಲ ಅವನ್ನು ಕೇಳಿದ್ದು ಹಾಗೆ ಬಿಡಿಬಿಡಿಯಾಗಿಯೇ.

ರೆಡ್ ಹೆಡೆಡ್ ಸ್ಟ್ರೇಂಜರ್, 1975

ಇದು ಬೇರೆಯೇ ಜಗತ್ತು. ಕಟ್ಟುನಿಟ್ಟಾಗಿ ಹೇಳಿದರೆ ಇದು ಕಂಟ್ರಿ, ರಾಕ್ ಅಲ್ಲ. ಆದರೂ ಈ ಹೋಲಿಕೆಯಲ್ಲಿ ಇದನ್ನು ಬಿಟ್ಟರೆ ಮೋಸವಾಗುತ್ತದೆ, ಯಾಕೆಂದರೆ ಡೆಸ್ಪರಾಡೊದಲ್ಲಿ ಇಲ್ಲದ ಒಂದು ಗಟ್ಟಿ ಕತೆ ಇದರಲ್ಲಿದೆ.

ವಿಲ್ಲಿ ನೆಲ್ಸನ್ ಕಂಟ್ರಿ ಸಂಗೀತದ ರಾಜಧಾನಿಯಂತಿರುವ ನ್ಯಾಶ್‌ವಿಲ್‌ನಲ್ಲಿ ಬೇರೆಯವರಿಗೆ ಹಾಡು ಬರೆದುಕೊಟ್ಟು ಹೆಸರು ಮಾಡಿದವರು. ಪ್ಯಾಟ್ಸಿ ಕ್ಲೈನ್ ಹಾಡಿದ ‘ಕ್ರೇಜಿ’ ಅವರದ್ದೇ. ಆದರೆ ಅವರದೇ ದನಿಯನ್ನು ಅಲ್ಲಿಯ ಕಂಪನಿಗಳು ಸುತ್ತ ವಯಲಿನ್, ಕೋರಸ್ ತುಂಬಿ ಮುಚ್ಚಿಬಿಡುತ್ತಿದ್ದವು. ಮನೆ ಸುಟ್ಟುಹೋದ ಮೇಲೆ ಟೆಕ್ಸಸ್‌ಗೆ ವಾಪಸ್ ಬಂದರು. ಕೊಲಂಬಿಯಾ ಕಂಪನಿಯ ಜೊತೆ ಒಪ್ಪಂದ ಮಾಡಿಕೊಳ್ಳುವಾಗ ಸಂಗೀತದ ವಿಷಯದಲ್ಲಿ ಕೊನೆಯ ಮಾತು ತನ್ನದೇ ಅಂತ ಬರೆಸಿಕೊಂಡರು. 1975ರ ಜನವರಿಯಲ್ಲಿ ಟೆಕ್ಸಸ್‌ನ ಗಾರ್ಲಂಡ್ ಊರಿನ ಒಂದು ಸ್ಟುಡಿಯೋದಲ್ಲಿ ಕೆಲವೇ ದಿನಗಳಲ್ಲಿ, ತೀರಾ ಕಡಿಮೆ ಖರ್ಚಿನಲ್ಲಿ ಇದನ್ನು ಮುಗಿಸಿದರು. ಟೇಪ್ ಕೇಳಿದ ಕಂಪನಿಯವರು ಇದು ಡೆಮೊ (ಬರೀ ಮಾದರಿ), ಇನ್ನೂ ವಾದ್ಯ ಸೇರಿಸಬೇಕು ಅಂದುಕೊಂಡರು. ಒಪ್ಪಂದ ಇದ್ದದ್ದರಿಂದ ಹಾಗೇ ಬಂತು. ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು.

ಕತೆ ಒಬ್ಬ ಪಾದ್ರಿಯದ್ದು. ಹೆಂಡತಿ ಹಳೆಯ ಪ್ರಿಯಕರನ ಜೊತೆ ಹೋಗಿದ್ದಾಳೆ. ಹುಡುಕಿಕೊಂಡು ಹೋಗಿ ಇಬ್ಬರನ್ನೂ ಕೊಲ್ಲುತ್ತಾನೆ. ಆಮೇಲೆ ತನ್ನ ಕಪ್ಪು ಕುದುರೆ ಏರಿ, ಸತ್ತ ಹೆಂಡತಿಯ ಕುದುರೆಯನ್ನು ಜೊತೆಗೆ ಎಳೆದುಕೊಂಡು ಊರೂರು ಅಲೆಯುತ್ತಾನೆ. ಕೊನೆಗೆ ಡೆನ್ವರ್‌ನಲ್ಲಿ ಒಬ್ಬಳು ಸಿಗುತ್ತಾಳೆ, ಮನಸ್ಸು ಒಂದು ಹದಕ್ಕೆ ಬರುತ್ತದೆ.

‘ಬ್ಲೂ ಐಸ್ ಕ್ರೈಯಿಂಗ್ ಇನ್ ದ ರೇನ್’ ಕೇಳಿದ್ದೀರಲ್ವಾ? ಫ್ರೆಡ್ ರೋಸ್ ಎಷ್ಟೋ ವರ್ಷ ಮೊದಲೇ ಬರೆದ ಹಳೆಯ ಹಾಡು. ಗಾಯಕನಾಗಿ ನೆಲ್ಸನ್‌ಗೆ ಮೊದಲ ಬಾರಿ ಕಂಟ್ರಿ ಪಟ್ಟಿಯ ಮೇಲ್ತುದಿ ಕೊಟ್ಟದ್ದು, ಗ್ರ್ಯಾಮಿ ತಂದದ್ದು ಇದೇ. ಬಿಡಿಯಾಗಿ ಕೇಳಿದರೆ ಅಗಲಿದ ಪ್ರಿಯೆಯನ್ನು ನೆನೆಯುವ ಮೆತ್ತನೆಯ ಹಾಡು. ಆಲ್ಬಂನಲ್ಲಿ ಅದು ಬರುವುದು ಕೊಲೆಯಾದ ಕೂಡಲೇ. ಕೊಂದವನೇ ಹಾಡುತ್ತಿರುವುದು! ಮಳೆಯಲ್ಲಿ ಅಳುವ ಆ ಕಣ್ಣನ್ನು ಮುಚ್ಚಿಸಿದ್ದು ಅವನೇ. ಎರಡು ನಿಮಿಷದ ಚಿಲ್ಲರೆ ಹಾಡು, ಗಿಟಾರ್ ತೀರಾ ತೆಳ್ಳಗೆ, ದನಿಯಲ್ಲಿ ಒಂದಿಷ್ಟೂ ನಾಟಕ ಇಲ್ಲ. ಕತೆ ಗೊತ್ತಿದ್ದು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಡೆಸ್ಪರಾಡೊದಲ್ಲಿ ಟೈಟಲ್ ಹಾಡಿಗೆ ಆಗುವುದೇ ಇಲ್ಲೂ ಆಗುತ್ತದೆ, ಇನ್ನೂ ಜೋರಾಗಿ: ಹಾಡಿನ ಒಂದು ಪದವೂ ಬದಲಾಗಿಲ್ಲ, ಅದಕ್ಕೆ ಕೊಟ್ಟ ಜಾಗದಿಂದಲೇ ಅದರ ಅರ್ಥ ಬದಲಾಗಿದೆ.

ಇನ್ನೊಂದು ಗಮನಿಸಬೇಕಾದ್ದು, ಈ ಆಲ್ಬಂನ ಎಷ್ಟೋ ಹಾಡು ನೆಲ್ಸನ್ ಬರೆದದ್ದಲ್ಲ. ಹಳೆಯ ಪ್ರೇಮಗೀತೆ, ಚರ್ಚಿನ ಪ್ರಾರ್ಥನೆ, ನೃತ್ಯದ ರಾಗ, ಎಲ್ಲ ತಂದು ನಡುನಡುವೆ ‘ಟೈಮ್ ಆಫ್ ದ ಪ್ರೀಚರ್’ ಅನ್ನುವ ತನ್ನ ರಾಗದಿಂದ ಹೊಲಿದಿದ್ದಾರೆ. ಟೈಟಲ್ ಹಾಡು ಕೂಡ ಐವತ್ತರ ದಶಕದ್ದು, ಎಡಿತ್ ಲಿಂಡೆಮನ್ ಮತ್ತು ಕಾರ್ಲ್ ಸ್ಟಟ್ಜ್ ಬರೆದದ್ದು. ರೇಡಿಯೋದಲ್ಲಿ ಕೆಲಸ ಮಾಡುವಾಗ ನೆಲ್ಸನ್ ಅದನ್ನು ಹಾಕುತ್ತಿದ್ದರು, ಮಕ್ಕಳನ್ನು ಮಲಗಿಸಲು ಹಾಡುತ್ತಿದ್ದರು. ಅಕ್ಕ ಬಾಬಿ ನೆಲ್ಸನ್ ಪಿಯಾನೋ, ಮಿಕ್ಕಿ ರಫಾಯಲ್ ಮೌತ್ ಆರ್ಗನ್. ಎಷ್ಟು ಕಡಿಮೆ ನುಡಿಸುತ್ತಾರೆ ಅಂದರೆ ಎರಡು ಸ್ವರದ ನಡುವಿನ ಮೌನವೂ ಕೇಳಿಸುತ್ತದೆ.

ಒಂದು ವಿಷಯ ನನಗೆ ಇವತ್ತಿಗೂ ಸರಿಬರುವುದಿಲ್ಲ. ಟೈಟಲ್ ಹಾಡಿನಲ್ಲಿ ಹಳದಿ ಕೂದಲಿನ ಒಬ್ಬಳು ಆ ಹೆಂಡತಿಯ ಕುದುರೆಗೆ ಕೈ ಚಾಚುತ್ತಾಳೆ, ಅವನು ಗುಂಡು ಹಾರಿಸುತ್ತಾನೆ, ಕುದುರೆ ಕದಿಯಲು ಬಂದವಳನ್ನು ಕೊಂದಿದ್ದಕ್ಕೆ ಗಲ್ಲು ಇಲ್ಲ ಅಂತ ಅವನನ್ನು ಬಿಟ್ಟುಬಿಡುತ್ತಾರೆ. ಆಲ್ಬಂ ಅವನಿಗೆ ಕೊನೆಯಲ್ಲಿ ನೆಮ್ಮದಿಯನ್ನೂ ಕೊಡುತ್ತದೆ. ಸತ್ತ ಹೆಂಗಸರ ಕಡೆಯಿಂದ ಒಂದು ಸಾಲೂ ಇಲ್ಲ. ಮಹತ್ವದ ಆಲ್ಬಂ ಹೌದು, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೂ ಸೇರಿಸಿಕೊಂಡಿದೆ. ಆದರೆ ಕೇಳುವಾಗ ಈ ಪ್ರಶ್ನೆ ಇಟ್ಟುಕೊಂಡೇ ಕೇಳಿ. ಹೆಣ್ಣಿನ ಕಡೆಯ ಮಾತೂ ಬೇಕು ಅನ್ನಿಸಿದರೆ ನೆಲ್ಸನ್‌ರದ್ದೇ 1974ರ ‘ಫೇಸಸ್ ಅಂಡ್ ಸ್ಟೇಜಸ್’ ಇದೆ: ಒಂದು ಮದುವೆ ಮುರಿದುಬೀಳುವ ಕತೆ, ಎಲ್‌ಪಿಯ ಒಂದು ಬದಿ ಅವಳದ್ದು, ಇನ್ನೊಂದು ಬದಿ ಅವನದ್ದು. ಅದರಲ್ಲಿ ಬಂದೂಕು ಇಲ್ಲ, ಕುದುರೆ ಇಲ್ಲ, ಮನೆಯೊಳಗಿನ ನೋವು ಮಾತ್ರ.

ಕೆನರ್ಲಿಯ ಎರಡು ಆಲ್ಬಂ

ಪಾಲ್ ಕೆನರ್ಲಿ ಇಂಗ್ಲೆಂಡಿನವರು. ಅಮೆರಿಕದ ಇತಿಹಾಸದ ಮೇಲೆ ಎರಡು ಪೂರ್ತಿ ಆಲ್ಬಂ ಬರೆದು, ಅಮೆರಿಕದ ದೊಡ್ಡ ದೊಡ್ಡ ಗಾಯಕರ ಬಾಯಲ್ಲಿ ಹಾಡಿಸಿದರು. ಎರಡೂ ಗ್ಲಿನ್ ಜಾನ್ಸ್ ನಿರ್ಮಾಣ.

1978ರ ‘ವೈಟ್ ಮ್ಯಾನ್ಶನ್ಸ್’ 1861ರಿಂದ 1865ರ ಅಂತರ್ಯುದ್ಧದ ಕತೆ, ದಕ್ಷಿಣದ ಬಿಳಿಯರ ಕಣ್ಣಿನಿಂದ. ನಾಲ್ಕು ಪಾತ್ರ: ತೋಟದ ಧಣಿಗಳ ಕುಟುಂಬದ ಮ್ಯಾಥ್ಯೂ, ಅವನ ಪ್ರೇಯಸಿ ಪಾಲಿ ಆ್ಯನ್ (ಜೆಸ್ಸಿ ಕೋಲ್ಟರ್), ಬಡ ಬಿಳಿಯ ಕೇಲಬ್, ಎಲ್ಲವನ್ನೂ ದೂರದಿಂದ ನೋಡುವ ಅಲೆಮಾರಿಯಾಗಿ ವೇಲನ್ ಜೆನಿಂಗ್ಸ್. ಗಿಟಾರಿಗೆ ಎರಿಕ್ ಕ್ಲಾಪ್ಟನ್ ಇದ್ದಾರೆ, ಅಷ್ಟು ಹೊತ್ತಿಗೆ ಈಗಲ್ಸ್ ಬಿಟ್ಟಿದ್ದ ಬರ್ನಿ ಲೆಡನ್ ಇದ್ದಾರೆ. ನುಡಿಸಿರುವುದು ಬಹಳ ಚೆನ್ನಾಗಿದೆ, ಜೆಸ್ಸಿ ಕೋಲ್ಟರ್ ದನಿಯಂತೂ ಎದೆಗೆ ನಾಟುತ್ತದೆ. ನಾನು ಇದನ್ನು ಕೊನೆಗೆ ಇಡುವುದಕ್ಕೆ ಕಾರಣ ಬೇರೆ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೋರಾಡಿದ ಪಕ್ಷದ ದುಃಖವನ್ನು ಇಷ್ಟು ಚೆಂದವಾಗಿ ಹಾಡಿ, ಗುಲಾಮರ ದನಿಗೆ ಇಷ್ಟು ಕಡಿಮೆ ಜಾಗ ಕೊಟ್ಟರೆ ಕೇಳುವವರ ಕನಿಕರ ತಪ್ಪು ಕಡೆಗೆ ಹರಿಯುತ್ತದೆ. ಆ ಯುದ್ಧದ ಹಿನ್ನೆಲೆ ಸ್ವಲ್ಪವಾದರೂ ಓದಿಕೊಂಡು ಕೇಳಿದರೆ ಇದರ ಶಕ್ತಿಯೂ ಕೊರತೆಯೂ ಎರಡೂ ಕಾಣುತ್ತವೆ. ಮೊದಲ ಪರಿಚಯಕ್ಕೆ ಇದು ಬೇಡ.

1980ರ ‘ದಿ ಲೆಜೆಂಡ್ ಆಫ್ ಜೆಸ್ಸಿ ಜೇಮ್ಸ್’ ನನ್ನ ಪ್ರಕಾರ ಇವೆರಡರಲ್ಲಿ ಮೇಲು. ಉತ್ತರ ಕರ್ನಾಟಕದಲ್ಲಿ ಸಿಂಧೂರ ಲಕ್ಷ್ಮಣನ ಮೇಲೆ ಹಾಡು, ನಾಟಕ ಕಟ್ಟಿದ ಹಾಗೆ ಅಮೆರಿಕದಲ್ಲಿ ದರೋಡೆಕೋರ ಜೆಸ್ಸಿ ಜೇಮ್ಸ್ ಮೇಲೆ ಅವನು 1882ರಲ್ಲಿ ಸತ್ತ ಸ್ವಲ್ಪ ದಿನದಲ್ಲೇ ಹಾಡು ಹುಟ್ಟಿಕೊಂಡಿತು. ತನ್ನ ಗ್ಯಾಂಗಿನ ಬಾಬ್ ಫೋರ್ಡ್ ಅನ್ನುವವನೇ ಮನೆಯೊಳಗೆ ಹಿಂದಿನಿಂದ ಗುಂಡು ಹೊಡೆದ. ಕೆನರ್ಲಿ ಈ ಕತೆಯನ್ನು ಪಾತ್ರಗಳಿಗೆ ಹಂಚಿದ್ದಾರೆ. ಜೆಸ್ಸಿಯಾಗಿ ‘ದಿ ಬ್ಯಾಂಡ್’ ಅನ್ನುವ ಹೆಸರಿನ ಗುಂಪಿನ ಲೆವಾನ್ ಹೆಲ್ಮ್, ಅಣ್ಣ ಫ್ರ್ಯಾಂಕ್ ಆಗಿ ಜಾನಿ ಕ್ಯಾಶ್, ಹೆಂಡತಿ ಜೆರೆಲ್ಡಾ ಆಗಿ ಎಮಿಲೂ ಹ್ಯಾರಿಸ್, ಗ್ಯಾಂಗಿನ ಕೋಲ್ ಯಂಗರ್ ಆಗಿ ಚಾರ್ಲಿ ಡೇನಿಯಲ್ಸ್. 1876ರಲ್ಲಿ ಮಿನ್ನೆಸೋಟಾದ ನಾರ್ತ್‌ಫೀಲ್ಡ್ ಬ್ಯಾಂಕಿನಲ್ಲಿ ಗ್ಯಾಂಗ್ ನೆಲಕಚ್ಚಿದ್ದನ್ನು ಎರಡು ಹಾಡಾಗಿ ಮಾಡಿದ್ದಾರೆ, ಒಂದು ಯೋಜನೆ, ಇನ್ನೊಂದು ಅನಾಹುತ. ಡೆಸ್ಪರಾಡೊ ಮುಟ್ಟದೇ ಬಿಟ್ಟ ಕೆಲಸವನ್ನು ಇದು ಮಾಡುತ್ತದೆ, ಘಟನೆಯನ್ನು ನೇರ ಕಣ್ಣಮುಂದೆ ತರುತ್ತದೆ. ಅದಕ್ಕೆ ಕೊಟ್ಟ ಬೆಲೆಯೂ ಇದೆ. ಎಲ್ಲವೂ ಹೇಳಿಯೇ ಆಗುವುದರಿಂದ ನಾವು ತುಂಬಿಕೊಳ್ಳಲು ಜಾಗ ಉಳಿಯುವುದಿಲ್ಲ. ನಾಲ್ಕೈದು ಸಲ ಕೇಳಿದ ಮೇಲೂ ಹೊಸದೇನೋ ಸಿಗುವ ಆಲ್ಬಂ ಅಂತ ಇದನ್ನು ಹೇಳಲಾರೆ. ಆದರೆ ಆ ದನಿಗಳು! ಎಮಿಲೂ 1985ರಲ್ಲಿ ಈ ಕೆನರ್ಲಿಯನ್ನೇ ಮದುವೆಯಾದರು ಅನ್ನುವುದು ಬೇರೆ ಮಾತು.

ಹಾಗಾದರೆ ನಿಮಗೆ ಯಾವುದು?

ಇಂಗ್ಲಿಷ್ ಹಾಡಿನ ಸಾಹಿತ್ಯ ಕಿವಿಗೆ ಬೇಗ ಸಿಗುವುದಿಲ್ಲ ಅನ್ನುವವರು ನೆಲ್ಸನ್‌ರಿಂದ ಶುರು ಮಾಡಬಹುದು. ಪದ ಕಡಿಮೆ, ನಿಧಾನ, ವಾದ್ಯಗಳು ಅಡ್ಡ ಬರುವುದಿಲ್ಲ. ಡೆಸ್ಪರಾಡೊದಲ್ಲಿ ಹೆನ್ಲಿ ಹಾಡಿದ್ದು ಸ್ಪಷ್ಟ, ನಾಲ್ವರೂ ಒಟ್ಟಿಗೆ ಹಾಡುವ ಕಡೆ ಸ್ವಲ್ಪ ಕಷ್ಟ. ಕೆನರ್ಲಿಯ ಎರಡಕ್ಕೂ ಸಾಹಿತ್ಯವನ್ನು ಎದುರಿಗಿಟ್ಟುಕೊಂಡೇ ಕೂರಬೇಕು, ಇಲ್ಲದಿದ್ದರೆ ಯಾರು ಯಾರ ಜೊತೆ ಮಾತಾಡುತ್ತಿದ್ದಾರೆ ಅಂತ ತಿಳಿಯುವುದಿಲ್ಲ.

ಕಂಟ್ರಿ ಅಂದರೆ ಮೂಗಿನಲ್ಲಿ ಹಾಡುವುದು, ನನಗೆ ಆಗಲ್ಲ ಅನ್ನುವವರಿಗೆ ಡೆಸ್ಪರಾಡೊ ಒಂದೇ ದಾರಿ. ಔಟ್ ಆಫ್ ಕಂಟ್ರೋಲ್, ಔಟ್‌ಲಾ ಮ್ಯಾನ್ ಎರಡರಲ್ಲೂ ರಾಕ್ ಸಾಕಷ್ಟಿದೆ. ಆದರೆ ಹೋಟೆಲ್ ಕ್ಯಾಲಿಫೋರ್ನಿಯಾದ ಗಿಟಾರ್ ಇಲ್ಲೂ ಸಿಗುತ್ತದೆ ಅಂತ ಬಂದರೆ ನಿರಾಸೆಯಾಗುತ್ತದೆ. ಆ ಗಿಟಾರ್ ನುಡಿಸಿದ ಡಾನ್ ಫೆಲ್ಡರ್, ಜೋ ವಾಲ್ಶ್ ಇಬ್ಬರೂ ಆಗ ಬ್ಯಾಂಡಿನಲ್ಲಿ ಇರಲಿಲ್ಲ. ಹೆನ್ಲಿ, ಫ್ರೈಗೆ ಇನ್ನೂ ಜಾಸ್ತಿ ರಾಕ್ ಬೇಕಿತ್ತು, ಜಾನ್ಸ್‌ಗೆ ಅವರ ಕೂಡುದನಿಯೇ ಮುಖ್ಯವಾಗಿತ್ತು. ಮುಂದಿನ ಆಲ್ಬಂ ಅರ್ಧದಲ್ಲೇ ಅವರು ಜಾನ್ಸ್‌ರನ್ನು ಬಿಟ್ಟರು. ಬ್ಯಾಂಜೋ ಹಿಡಿದಿದ್ದ ಲೆಡನ್ 1975ರಲ್ಲಿ ಹೊರನಡೆದರು. ಹಾಗಾಗಿ ಈಗಲ್ಸ್‌ನ ಕಂಟ್ರಿ ಮುಖ ಪೂರ್ತಿಯಾಗಿ ಸಿಗುವುದು ಮೊದಲ ಎರಡು ಆಲ್ಬಂನಲ್ಲಿ, ಕಂಟ್ರಿಯ ಜೊತೆ ಒಂದು ದೊಡ್ಡ ವಿಚಾರವೂ ಸಿಗುವುದು ಇದೊಂದರಲ್ಲೇ.

ರಾತ್ರಿ ಒಬ್ಬರೇ ಕೂತು ಕೇಳುವುದಕ್ಕೆ ಸ್ಟ್ರೇಂಜರ್. ಕಾರಿನಲ್ಲಿ ದೂರ ಹೋಗುವಾಗ ಡೆಸ್ಪರಾಡೊ. ಮನೆಯಲ್ಲಿ ಇಬ್ಬರು ಮೂವರು ಸಂಗೀತದ ಹುಚ್ಚಿನವರು ಸೇರಿದರೆ ಜೆಸ್ಸಿ ಜೇಮ್ಸ್, ಯಾಕೆಂದರೆ ಒಂದೊಂದು ಹಾಡಾದ ಮೇಲೂ ಮಾತಾಡಬೇಕು ಅನ್ನಿಸುತ್ತದೆ.

ಎರಡು ಮಾತು ಬಾಕಿ ಇವೆ. ಯಾವುದನ್ನೇ ಕೇಳಿ, ಆ್ಯಪ್‌ನಲ್ಲಿ ಶಫಲ್ ಆಫ್ ಮಾಡಿ. ಡೂಲಿನ್-ಡಾಲ್ಟನ್‌ನ ಬ್ಯಾಂಜೋ ತುಣುಕು ಔಟ್‌ಲಾ ಮ್ಯಾನ್ ಮುಂಚೆ ಬರದೆ ಇನ್ನೆಲ್ಲೋ ಬಂದರೆ ಅದು ಸುಮ್ನೆ ಒಂದು ಅರೆಬರೆ ರಾಗ. ಸ್ಟ್ರೇಂಜರ್‌ನ ಕೆಲವು ಹೊಸ ಸಿಡಿಗಳಲ್ಲಿ ಕೊನೆಗೆ ಹೆಚ್ಚುವರಿ ಹಾಡು ಸೇರಿಸಿದ್ದಾರೆ, ‘ಬಂಡೇರಾ’ ಮುಗಿದ ಕೂಡಲೇ ನಿಲ್ಲಿಸಿ. ಕತೆ ಅಲ್ಲಿಗೆ ಮುಗಿದಿರುತ್ತದೆ.

ಡೆಸ್ಪರಾಡೊ ಕೇಳುವವರಿಗೆ ಒಂದು ಪ್ರತ್ಯೇಕ ಸಲಹೆ: ಐದನೇ ಹಾಡು ಆದ ಮೇಲೆ ಅರ್ಧ ನಿಮಿಷ ನಿಲ್ಲಿಸಿ, ಎಲ್‌ಪಿ ತಿರುವಿ ಹಾಕುವಷ್ಟು ಹೊತ್ತು. ಆ ಬೇಡಿಕೆಗೆ ಉತ್ತರ ಬರಲಿಲ್ಲ ಅನ್ನುವುದು ಆಗ ತಟ್ಟುತ್ತದೆ. ಆಮೇಲೆ ಮೈಸ್ನರ್ ಹಾಡು ಹಾಕಿ, ಅಂಗಡಿ ಕಿಟಕಿಯಲ್ಲಿ ಆ ಹುಡುಗ ನೋಡಿದ್ದು ಬಂದೂಕೋ ಗಿಟಾರೋ ನೀವೇ ಹೇಳಿ.